ಅಡ್ಡಮತಕ್ಕೆ ಹೆದರಿ ಬಾಗಿಲು ಮುಚ್ಚುವುದೇ?

(ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಸೇರಿದ್ದ ವಾರ್ಡು ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿ ಬಾಗಿಲು ಹಾಕಿಕೊಂಡು ಬಂದಿರುವ ವ್ಯಾಪಾರಿ ಬಂಧುಗಳೇ, ಕೆಲಸ ಬಿಟ್ಟವರೇ ಮನೆಗೂ ಹೋಗದೆ ಇಲ್ಲಿಗೆ ಬಂದಿರುವ ಅಕ್ಕತಂಗಿಯರೇ,

ಹೋದ ಭಾನುವಾರದ ಸಭೆಯಲ್ಲಿ ನಮ್ಮ ವಾರ್ಡಿನ ಉಮೇದುವಾರರನ್ನು ಆರಿಸುವುದು ಹೇಗೆ ಎಂಬ ಮಾತು ಬಂತು. ಪಕ್ಷದ ರಸೀತಿ ಪುಸ್ತಕದಲ್ಲಿ ಹೆಸರಿರುವವರು ಮಾತ್ರ ಆರಿಸುವುದು ಬೇಡ, ಕುಡಿಯುವ ನೀರಿಗಾಗಿ ನಮ್ಮ ಜೊತೆ ಬಿಂದಿಗೆ ಹಿಡಿದು ರಸ್ತೆಗೆ ಕೂತ ಬೀದಿಯ ಜನರೂ ಓಟು ಹಾಕಲಿ ಎಂದು ನಾನು ಸೂಚಿಸಿದೆ. ಒಡನೆಯೇ ಹಿರಿಯರೊಬ್ಬರು ಎದ್ದು ನಿಂತರು. "ಮೇಷ್ಟ್ರೇ, ನಿಮಗೆ ಪಾಠ ಹೇಳಿ ಅಭ್ಯಾಸ, ಚುನಾವಣೆ ಮಾಡಿ ಅಭ್ಯಾಸವಿಲ್ಲ. ಬಾಗಿಲು ಹಾರುಹೊಡೆದು ಇಟ್ಟರೆ ಎದುರು ಪಕ್ಷದವನು ನಾಲ್ಕು ಆಟೋದಲ್ಲಿ ಜನ ತುಂಬಿಸಿಕೊಂಡು ಬರುತ್ತಾನೆ. ನಮ್ಮಲ್ಲಿ ಯಾರು ಕೈಲಾಗದವನೋ ಅವನಿಗೇ ಓಟು ಒತ್ತಿ ಹೋಗುತ್ತಾನೆ. ಆಮೇಲೆ ಆ ಕೈಲಾಗದವನನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಮನೆ ತಿರುಗುವವರು ನಾವು" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಿಜ ಹೇಳುತ್ತೇನೆ, ನನಗೆ ಆಗ ಉತ್ತರ ತೋಚಲಿಲ್ಲ. ಅವರ ಮಾತು ಸುಳ್ಳೆಂದು ಹೇಳಲೂ ಆಗಲಿಲ್ಲ. ವಾರವೆಲ್ಲ ಅದನ್ನೇ ತಲೆಯಲ್ಲಿಟ್ಟುಕೊಂಡು ಓದಿದೆ, ಬಲ್ಲವರನ್ನು ವಿಚಾರಿಸಿದೆ. ಹತ್ತನೆಯ ತರಗತಿಯವರೆಗೆ ಓದಿದವನ ಇಂಗ್ಲಿಷು ನನ್ನದು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಬೇಕಾಯಿತು. ಓದಿದ್ದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಈ ಹಿರಿಯರು ಹೇಳಿದ ಭಯಕ್ಕೆ ಅಮೇರಿಕದಲ್ಲಿ ನೂರು ವರ್ಷಕ್ಕೂ ಮೀರಿದ ವಯಸ್ಸಾಗಿದೆ. ಅಲ್ಲಿ ಪ್ರೈಮರಿ ಎಂಬ ಒಂದು ಪದ್ಧತಿ ಇದೆ. ಪ್ರೈಮರಿ ಎಂದರೆ ನಾನು ಮಗ್ಗಿ ಹೇಳಿಕೊಡುತ್ತಿದ್ದ ಪ್ರೈಮರಿ ಶಾಲೆಯಲ್ಲ. ನಿಜವಾದ ಚುನಾವಣೆಗೆ ಮುಂಚೆ ನಡೆಯುವ ಇನ್ನೊಂದು ಚುನಾವಣೆ. ಪಕ್ಷದ ಟಿಕೆಟ್ಟು ಯಾರಿಗೆ ಸಲ್ಲಬೇಕೆಂಬುದನ್ನು ಅಲ್ಲಿ ದೆಹಲಿಯಂಥ ಊರಿನ ನಾಲ್ಕು ಜನ ಧುರೀಣರು ಹೇಳುವುದಿಲ್ಲ, ಮತದಾರರು ಪೆಟ್ಟಿಗೆಗೆ ಓಟು ಹಾಕಿ ಹೇಳುತ್ತಾರೆ. ಇದು ಹುಟ್ಟಿದ್ದು ಹೇಗೆಂದು ಕೇಳಿದರೆ ನಿಮಗೆ ಸಂತೋಷವಾದೀತು. ವಿಸ್ಕಾನ್ಸಿನ್ ಎಂಬ ರಾಜ್ಯದಲ್ಲಿ ರೈಲ್ವೆ ಕಂಪನಿಗಳೂ ಮರದ ವ್ಯಾಪಾರದ ದೊಡ್ಡ ಕುಳಗಳೂ ಪಕ್ಷದ ಸಮ್ಮೇಳನಗಳನ್ನು ಕೈಯೊಳಗೆ ಇಟ್ಟುಕೊಂಡಿದ್ದವು. ಪ್ರತಿನಿಧಿಗಳನ್ನು ಒಲಿಸಿಕೊಂಡರೆ ಉಮೇದುವಾರ ಕೈಗೆ ಬಂದ ಹಾಗೆಯೇ. ಲಾ ಫಾಲೆಟ್ ಎಂಬ ಗವರ್ನರು ಇದಕ್ಕೆ ಎದುರು ನಿಂತು, ಟಿಕೆಟ್ಟು ಕೊಡುವ ಅಧಿಕಾರವನ್ನು ಸಮ್ಮೇಳನದಿಂದ ಕಿತ್ತು ಮತದಾರರ ಕೈಗೆ ಕೊಡುವ ಕಾನೂನು ತಂದರು. 1904ರಲ್ಲಿ ಅಲ್ಲಿಯ ಜನರೇ ಓಟು ಹಾಕಿ ಅದನ್ನು ಒಪ್ಪಿಕೊಂಡರು.

ಆ ರಾಜ್ಯದ ಪ್ರೈಮರಿಯಲ್ಲಿ ನೀವು ಯಾವ ಪಕ್ಷದವರು ಎಂದು ಯಾರೂ ಕೇಳುವುದಿಲ್ಲ. ಒಂದು ಪಕ್ಷದ ಆಯ್ಕೆಯಲ್ಲಿ ಮಾತ್ರ ಭಾಗವಹಿಸಬೇಕು, ಅಷ್ಟೇ ಕಟ್ಟು. ಇದಕ್ಕೆ ತೆರೆದ ಪ್ರೈಮರಿ ಎನ್ನುತ್ತಾರೆ. ಬೇರೆ ಕೆಲವು ರಾಜ್ಯಗಳಲ್ಲಿ ಮುಂಚೆಯೇ ಪಕ್ಷದ ಹೆಸರು ಬರೆಸಿದವರಿಗೆ ಮಾತ್ರ ಅವಕಾಶ. ಅದು ಮುಚ್ಚಿದ ಪ್ರೈಮರಿ. ತೆರೆದ ಕಡೆಯಲ್ಲಿ ಎದುರು ಪಕ್ಷದ ಮತದಾರ ಬೇಲಿ ದಾಟಿ ಬಂದು ಓಟು ಹಾಕಬಹುದು. ಹಾಕಿಯೂ ಇದ್ದಾರೆ.

ಯಾತಕ್ಕಾಗಿ ದಾಟುತ್ತಾರೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ನಮ್ಮ ಜಗಳವೆಲ್ಲ ಇಲ್ಲಿಯೇ ಇದೆ. ಕೆಲವರು ಕೆಡಿಸುವುದಕ್ಕೆ ದಾಟುತ್ತಾರೆ. 2008ರಲ್ಲಿ ಅಲ್ಲಿಯ ರೇಡಿಯೋ ಭಾಷಣಕಾರ ರಶ್ ಲಿಂಬಾ ಎಂಬಾತ ತನ್ನ ರಿಪಬ್ಲಿಕನ್ ಕೇಳುಗರಿಗೆ, ಡೆಮೊಕ್ರಾಟಿಕ್ ಪಕ್ಷದ ಪ್ರೈಮರಿಗೆ ನುಗ್ಗಿ ಹಿಲರಿ ಕ್ಲಿಂಟನ್ನರಿಗೆ ಓಟು ಹಾಕಿರಿ ಎಂದು ಬಹಿರಂಗವಾಗಿ ಕರೆ ಕೊಟ್ಟ. ಆಕೆ ಗೆಲ್ಲಲೆಂದಲ್ಲ, ಒಬಾಮಾ ಮತ್ತು ಆಕೆ ಇನ್ನಷ್ಟು ದಿನ ಕಾದಾಡಿ ಸುಸ್ತಾಗಲೆಂದು. ಫಲ ಏನಾಯಿತು? ಟಿಕೆಟ್ಟು ಒಬಾಮಾಗೇ ಬಂತು, ನವೆಂಬರಿನಲ್ಲಿ ಅಧ್ಯಕ್ಷಗಿರಿಯೂ ಬಂತು. 2012ರಲ್ಲಿ ಮಿಷಿಗನ್ ರಾಜ್ಯದಲ್ಲಿ ಸ್ಯಾಂಟೋರಮ್ ಎಂಬ ರಿಪಬ್ಲಿಕನ್ ಉಮೇದುವಾರನ ಕಡೆಯವರು ಡೆಮೊಕ್ರಾಟಿಕ್ ಮತದಾರರ ಮನೆಗಳಿಗೆ ಫೋನು ಹಚ್ಚಿ, ಬಂದು ರಾಮ್ನಿಯ ವಿರುದ್ಧ ಓಟು ಹಾಕಿ ಎಂದು ಕರೆದರು. ರಾಮ್ನಿಯೇ ಗೆದ್ದ. ಆಟೋದಲ್ಲಿ ಜನ ತುಂಬಿಸುವುದು ಹೇಳುವಷ್ಟು ಸುಲಭವಲ್ಲ. ತನ್ನ ಸ್ವಂತ ಪಕ್ಷಕ್ಕೆ ಓಟು ಹಾಕಿಸಲು ಮನೆಯಿಂದ ಜನ ಎಬ್ಬಿಸುವುದೇ ಎಷ್ಟು ಕಷ್ಟವೆಂದು ಇಲ್ಲಿರುವ ಬೂತು ಕಾರ್ಯಕರ್ತರಿಗೆ ಗೊತ್ತು. ಇನ್ನು ಬೇರೆ ಪಕ್ಷವನ್ನು ಕೆಡಿಸಲು ಯಾವನು ಒಂದು ದಿನದ ಕೂಲಿ ಬಿಟ್ಟು ಬರುತ್ತಾನೆ?

ಇನ್ನು ಕೆಲವರು ಕೆಡಿಸಲು ಬರುವುದಿಲ್ಲ. ತಮ್ಮ ಊರನ್ನು ಆಳುವವನು ಯಾರೆಂದು ತೀರ್ಮಾನವಾಗುವುದು ಆ ಕೋಣೆಯಲ್ಲಿ, ನಮ್ಮ ಕೋಣೆಯಲ್ಲಲ್ಲ ಎಂದು ತಿಳಿದು ಬರುತ್ತಾರೆ. ಮಿಸಿಸಿಪ್ಪಿ ರಾಜ್ಯದ ಕಥೆ ಕೇಳಿ. ಅಲ್ಲಿ ರಿಪಬ್ಲಿಕನ್ ಟಿಕೆಟ್ಟು ಸಿಕ್ಕಿದವನೇ ಸೆನೆಟರ್ ಎಂಬಷ್ಟು ಆ ಪಕ್ಷದ ಹಿಡಿತ. ಕಪ್ಪು ಜನಾಂಗದ ಬಡವರು ಬಹುಪಾಲು ಡೆಮೊಕ್ರಾಟಿಕ್ ಕಡೆ. 2014ರ ಜೂನಿನಲ್ಲಿ ರಿಪಬ್ಲಿಕನ್ ಪಕ್ಷದೊಳಗೆ ಹಳೆಯ ಸೆನೆಟರ್ ಕಾಕ್ರನ್ ಎಂಬಾತನಿಗೂ, ಸರ್ಕಾರದ ಖರ್ಚನ್ನೆಲ್ಲ ಕತ್ತರಿಸಿ ಬಿಸಾಡುತ್ತೇನೆಂದು ಹೊರಟಿದ್ದ ಮೆಕ್‌ಡ್ಯಾನಿಯೆಲ್ ಎಂಬಾತನಿಗೂ ಪೈಪೋಟಿ ಬಿತ್ತು. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರಲಿಲ್ಲ, ಕಾಕ್ರನ್ ಕೊಂಚ ಹಿಂದೆ ಬಿದ್ದಿದ್ದ. ಎರಡನೆಯ ಸುತ್ತಿಗೆ ಆತ ಕಪ್ಪು ಜನಾಂಗದ ಮತದಾರರ ಬಳಿಗೆ ಹೋಗಿ ಓಟು ಕೇಳಿದ. ಅವರು ಬಂದರು, ಕಾಕ್ರನ್ ಗೆದ್ದ. ಅವರಿಗೆ ಕಾಕ್ರನ್ ಮೇಲೆ ಪ್ರೀತಿ ಉಕ್ಕಿತೆಂದು ನಾನು ಹೇಳುವುದಿಲ್ಲ. ಶಾಲೆಗೂ ಆಸ್ಪತ್ರೆಗೂ ಬರುವ ಹಣ ಯಾರು ತರುತ್ತಾರೆ, ಯಾರು ತಡೆಯುತ್ತಾರೆ ಎಂಬ ಲೆಕ್ಕ ಅವರಿಗಿತ್ತು. ಅಲ್ಲಿಯ ಕಾನೂನಿನಲ್ಲಿ ಒಂದು ಕಟ್ಟು ಇತ್ತು: ಮೊದಲ ಸುತ್ತಿನಲ್ಲಿ ಡೆಮೊಕ್ರಾಟಿಕ್ ಪ್ರೈಮರಿಗೆ ಓಟು ಹಾಕಿದವರು ಎರಡನೆಯ ಸುತ್ತಿನಲ್ಲಿ ಇತ್ತ ಬರುವಂತಿಲ್ಲ. ಈ ಕಟ್ಟನ್ನು ನೆನಪಿಟ್ಟುಕೊಳ್ಳಿ, ಆಮೇಲೆ ನಮಗೆ ಉಪಯೋಗಕ್ಕೆ ಬರುತ್ತದೆ.

ಹೀಗೆ ದಾಟಿದವರು ಯಾವಾಗಲೂ ಗೆಲ್ಲಿಸುತ್ತಾರೆಂದೂ ಇಲ್ಲ. 2022ರಲ್ಲಿ ವಯೋಮಿಂಗ್ ಎಂಬಲ್ಲಿ ಲಿಜ್ ಚೇನಿ ಎಂಬಾಕೆ ಡೆಮೊಕ್ರಾಟಿಕ್ ಮತದಾರರನ್ನು ಕರೆದೂ ಭಾರಿ ಅಂತರದಿಂದ ಸೋತಳು. ಹಾಗಿದ್ದರೂ ಅಲ್ಲಿಯ ಶಾಸನಸಭೆ ಮರುವರ್ಷವೇ ಕಾನೂನು ಮಾಡಿ ಬೇಲಿ ಬಿಗಿಮಾಡಿತು. ಗೆದ್ದವನೂ ಬೇಲಿ ಕಟ್ಟುತ್ತಾನೆ ನೋಡಿ.

ಬೇಲಿ ಕಟ್ಟುವುದಕ್ಕೆ ಪಕ್ಷಗಳಿಗೆ ಹಕ್ಕಿಲ್ಲವೇ? ಇದೆ ಎಂದು ಅಮೇರಿಕದ ಸುಪ್ರೀಂ ಕೋರ್ಟು 2000ದಲ್ಲಿ ಕ್ಯಾಲಿಫೋರ್ನಿಯದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಹೊರಗಿನವರು ಬಂದು ನಮ್ಮ ಉಮೇದುವಾರನನ್ನು ಆರಿಸುವಂತೆ ಸರ್ಕಾರ ನಮ್ಮನ್ನು ಬಲವಂತ ಮಾಡಕೂಡದು ಎಂಬ ಪಕ್ಷಗಳ ವಾದವನ್ನು ಏಳು ಜನ ನ್ಯಾಯಾಧೀಶರು ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಇದು ನಮ್ಮ ಹಿರಿಯರ ಪರವಾದ ತೀರ್ಪು, ಮುಚ್ಚಿಡುವುದಿಲ್ಲ. ಆದರೆ ಅದೇ ಕೋರ್ಟಿನ ಇನ್ನೊಂದು ತೀರ್ಪನ್ನೂ ಹೇಳಲೇಬೇಕು. ಟೆಕ್ಸಸ್ಸಿನಲ್ಲಿ ಡೆಮೊಕ್ರಾಟಿಕ್ ಪಕ್ಷ, ನಾವು ಒಂದು ಖಾಸಗಿ ಸಂಘ, ನಮ್ಮ ಪ್ರೈಮರಿಗೆ ಬಿಳಿಯರು ಮಾತ್ರ ಬರಬಹುದು ಎಂದು ನಿಯಮ ಮಾಡಿಕೊಂಡಿತ್ತು. ಆಗ ಆ ಪ್ರಾಂತದಲ್ಲಿ ಆ ಪಕ್ಷದ ಟಿಕೆಟ್ಟೇ ಗೆಲುವು. ಕಪ್ಪು ಜನರಿಗೆ ನವೆಂಬರಿನಲ್ಲಿ ಓಟಿತ್ತು, ಆದರೆ ತೀರ್ಮಾನ ಅದಕ್ಕೆ ಮುಂಚೆಯೇ ಮುಗಿದಿರುತ್ತಿತ್ತು. ಹೂಸ್ಟನ್ನಿನ ಲೋನಿ ಸ್ಮಿತ್ ಎಂಬ ಹಲ್ಲಿನ ಡಾಕ್ಟರು ಕೋರ್ಟಿಗೆ ಹೋದರು. 1944ರಲ್ಲಿ ಕೋರ್ಟು ಆ ನಿಯಮವನ್ನು ಹೊಡೆದುಹಾಕಿತು. ಸದಸ್ಯರಿಗೆ ಮಾತ್ರ ಎಂಬ ಬೋರ್ಡಿನ ಹಿಂದೆ ಏನೇನು ಅಡಗಿರಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಅಮೇರಿಕದ ಪುರಾಣ ನಮಗೇಕೆ, ಚಾಮರಾಜಪೇಟೆಯ ಮಾತಾಡಿ ಎನ್ನುತ್ತೀರಿ. ಬಂದೆ.

ನಮ್ಮ ಹಳೆಯ ಬೆಂಗಳೂರಿನ ಮೂರು ಬಡಾವಣೆಗಳು ಲೋಕಸಭೆಯ ಲೆಕ್ಕದಲ್ಲಿ ಮೂರು ದಿಕ್ಕಿಗೆ ಹರಿದುಹೋಗಿವೆ. ಮಲ್ಲೇಶ್ವರ ಉತ್ತರಕ್ಕೆ, ಚಾಮರಾಜಪೇಟೆ ಕೇಂದ್ರಕ್ಕೆ, ಬಸವನಗುಡಿ ದಕ್ಷಿಣಕ್ಕೆ. ಬೆಂಗಳೂರು ದಕ್ಷಿಣವನ್ನು ತೆಗೆದುಕೊಳ್ಳಿ. 1991ರಿಂದ 2024ರವರೆಗೆ ಅಲ್ಲಿ ನಡೆದ ಪ್ರತಿ ಲೋಕಸಭಾ ಚುನಾವಣೆಯಲ್ಲಿಯೂ ಗೆದ್ದದ್ದು ಒಂದೇ ಪಕ್ಷ, ಭಾರತೀಯ ಜನತಾ ಪಕ್ಷ. 2019ರಲ್ಲಿ ಅನಂತಕುಮಾರರು ತೀರಿಕೊಂಡಿದ್ದರಿಂದ ಹೊಸ ಹೆಸರು ಬೇಕಾಗಿತ್ತು. ಅವರ ಪತ್ನಿಗೆ ಟಿಕೆಟ್ಟು ಎಂದು ರಾಜ್ಯದ ಆ ಪಕ್ಷದವರೇ ನಂಬಿದ್ದರು. ನಾಮಪತ್ರ ಸಲ್ಲಿಸಲು ಕಡೆಯ ದಿನ ಮಾರ್ಚ್ 26. ಅದರ ಹಿಂದಿನ ನಡುರಾತ್ರಿ ಕಳೆದ ಮೇಲೆ ದೆಹಲಿಯಿಂದ ಬೇರೆ ಹೆಸರು, ತೇಜಸ್ವಿ ಸೂರ್ಯ ಎಂಬ ಹೆಸರು, ಹೊರಬಿತ್ತು. ಅವರು ಮೂರು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು. ಆ ಇಬ್ಬರಲ್ಲಿ ಯಾರು ಮೇಲು ಎಂಬುದು ನನ್ನ ಮಾತಲ್ಲ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹೂ ಮಾರುವ ಹೆಂಗಸು, ಆ ಪಕ್ಷದವಳಾಗಲಿ ಬಿಡಲಿ, ತನ್ನ ಎಂ.ಪಿ. ಯಾರೆಂಬ ತೀರ್ಮಾನದಲ್ಲಿ ಎಷ್ಟು ಪಾಲು ಪಡೆದಳು? ತೀರ್ಮಾನವಾದಾಗ ಆಕೆ ನಿದ್ದೆಯಲ್ಲಿದ್ದಳು. ಬೆಳಿಗ್ಗೆ ಎದ್ದು ಮಾರುಕಟ್ಟೆಯಿಂದ ಹೂ ತರುವ ಹೊತ್ತಿಗೆ ಮುಗಿದಿತ್ತು. ಏಪ್ರಿಲಿನಲ್ಲಿ ಆಕೆ ಒತ್ತಿದ ಗುಂಡಿ ಆ ರಾತ್ರಿಯ ತೀರ್ಮಾನದ ಮೇಲೆ ಮುದ್ರೆ, ಅಷ್ಟೇ.

ನಮ್ಮ ದೇಶದ ಬಹುತೇಕ ಪಕ್ಷಗಳ ಕಥೆ ಇದೇ. ಕಾಂಗ್ರೆಸ್ಸಿನಲ್ಲಿ ಹೈಕಮಾಂಡು ಎನ್ನುತ್ತಾರೆ, ಇನ್ನೊಂದರಲ್ಲಿ ಸಂಸದೀಯ ಮಂಡಳಿ ಎನ್ನುತ್ತಾರೆ, ಮತ್ತೊಂದರಲ್ಲಿ ಮನೆಯ ಯಜಮಾನರ ಊಟದ ಕೋಣೆ. ಬೆಂಗಳೂರಿನವರು ಇದನ್ನು ಕಣ್ಣೆದುರಿಗೇ ಕಂಡಿದ್ದೂ ಉಂಟು. 1969ರ ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತ್ತು. ನಮ್ಮ ನಿಜಲಿಂಗಪ್ಪನವರು ಅಧ್ಯಕ್ಷರು. ಗಾಜಿನ ಮನೆಯಲ್ಲಿ ನೂರಾರು ಪ್ರತಿನಿಧಿಗಳು ಭಾಷಣ ಕೇಳುತ್ತಿದ್ದರೆ, ರಾಷ್ಟ್ರಪತಿ ಹುದ್ದೆಗೆ ಪಕ್ಷದ ಉಮೇದುವಾರ ಯಾರು ಎಂಬುದನ್ನು ಕೈಬೆರಳಲ್ಲಿ ಎಣಿಸುವಷ್ಟು ಜನರ ಮಂಡಳಿಯೊಂದು ಬೇರೆ ಕೂತು ತೀರ್ಮಾನಿಸಿತು. ಗೋಡೆ ಗಾಜಿನದು, ತೀರ್ಮಾನ ಮಾತ್ರ ಕಾಣದ ಕಡೆ. ಪ್ರಧಾನಿ ಇಂದಿರಾಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ಸಂಜೀವ ರೆಡ್ಡಿಯವರ ಹೆಸರು ಬಂತು. ಮುಂದಿನದು ನಿಮಗೆ ಗೊತ್ತು. ವಿ.ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಆತ್ಮಸಾಕ್ಷಿಯಂತೆ ಓಟು ಹಾಕಿ ಎಂದು ಇಂದಿರಾಗಾಂಧಿ ತಮ್ಮ ಪಕ್ಷದ ಶಾಸಕರಿಗೆ ಹೇಳಿದರು. ಅತ್ತ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದವರ ಬಳಿಗೆ ಹೋಗಿ ಎರಡನೆಯ ಪ್ರಾಶಸ್ತ್ಯದ ಮತ ಕೇಳಿದರು. ಆಗಸ್ಟ್ 20ರಂದು ಎಣಿಸಿದಾಗ ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧ ದಾಟಲಿಲ್ಲ. ಎರಡನೆಯ ಪ್ರಾಶಸ್ತ್ಯ ಕೂಡಿಸಿ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ನವೆಂಬರಿನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ಮುಚ್ಚಿದ ಕೋಣೆಯಲ್ಲಿ ಆರಿಸಿದ್ದರಿಂದ ಅಡ್ಡಮತ ನಿಂತಿತೇ? ಕೋಣೆ ಮುಚ್ಚಿದ್ದರಿಂದಲೇ ಅದು ಹೊರಗೆ ಬಂದು ಅಡ್ಡ ಹರಿಯಿತು ಎಂದು ನನಗೆ ತೋರುತ್ತದೆ.

ಪ್ರೈಮರಿಯನ್ನು ನಮ್ಮೂರಿನಲ್ಲೂ ಒಮ್ಮೆ ಮಾಡಿ ನೋಡಿದ್ದಾರೆ. 2014ರ ಲೋಕಸಭಾ ಚುನಾವಣೆಗೆ ಮುಂಚೆ, ರಾಹುಲ್ ಗಾಂಧಿಯವರ ಸೂಚನೆಯಂತೆ, ದೇಶದ ಹದಿನೈದರ ಆಸುಪಾಸು ಕ್ಷೇತ್ರಗಳಲ್ಲಿ ಕಾಂಗ್ರೆಸ್ ಪಕ್ಷ ಇದನ್ನು ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಎರಡು: ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಎಂದರೆ ನಮ್ಮ ಮೂರು ಬಡಾವಣೆಗಳಲ್ಲಿ ಮಲ್ಲೇಶ್ವರದ ಕಾಂಗ್ರೆಸ್ಸಿಗರಿಗೆ ಆ ಭಾಗ್ಯ ಬಂತು, ಚಾಮರಾಜಪೇಟೆ, ಬಸವನಗುಡಿಯವರಿಗೆ ಬರಲಿಲ್ಲ. ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರಿನ ಕಡೆ ಜನಾರ್ದನ ಪೂಜಾರಿ ಒಳಚುನಾವಣೆಯಲ್ಲಿ ಗೆದ್ದು ಟಿಕೆಟ್ಟು ಪಡೆದರು. ಆಮೇಲೆ ಇಬ್ಬರೂ ನಿಜವಾದ ಚುನಾವಣೆಯಲ್ಲಿ ಸೋತರು. ಉತ್ತರದಲ್ಲಿ ಸದಾನಂದ ಗೌಡರ ಎದುರು ಎರಡೂಕಾಲು ಲಕ್ಷಕ್ಕೂ ಹೆಚ್ಚು ಮತಗಳ ಸೋಲು.

ಇದನ್ನು ತೋರಿಸಿ, ನೋಡಿ ಪ್ರೈಮರಿಯಿಂದ ಏನೂ ಆಗಲಿಲ್ಲ ಎನ್ನುವವರಿದ್ದಾರೆ. ಆ ವರ್ಷದ ಗಾಳಿಯೇ ಹಾಗಿತ್ತು, ಅದಿರಲಿ. ನಾನು ಕೇಳುವುದು, ಆ ಒಳಚುನಾವಣೆಯಲ್ಲಿ ಓಟು ಹಾಕಿದವರು ಯಾರು ಎಂದು. ಪಕ್ಷದ ಪದಾಧಿಕಾರಿಗಳು, ಹಿಂದಿನ ಪದಾಧಿಕಾರಿಗಳು, ಸ್ಥಳೀಯ ಸಂಸ್ಥೆಗಳಿಗೆ ಆರಿಸಿಬಂದವರು, ಹೀಗೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಅಂಗಡಿಯವನಿಗಾಗಲಿ, ರಾಜಾ ಮಿಲ್ಲಿದ್ದ ಜಾಗದಲ್ಲಿ ಎದ್ದು ನಿಂತಿರುವ ಮಾಲಿನಲ್ಲಿ ನೆಲ ಒರೆಸುವವಳಿಗಾಗಲಿ ಕರೆ ಹೋಗಲಿಲ್ಲ. ಅಡ್ಡಮತದ ಭಯವೇ ಇಲ್ಲದ ಪ್ರೈಮರಿ ಅದು, ಏಕೆಂದರೆ ಮತದಾರನೇ ಇರಲಿಲ್ಲ. ಬಡೋದೆಯಲ್ಲಿ ಇನ್ನೂ ಚೆನ್ನ. ಅಲ್ಲಿ ಒಳಚುನಾವಣೆ ಗೆದ್ದ ಕಾರ್ಯಕರ್ತ, ನರೇಂದ್ರ ಮೋದಿಯವರು ಆ ಕ್ಷೇತ್ರದಲ್ಲಿ ನಿಲ್ಲುತ್ತಾರೆಂದು ಗೊತ್ತಾದ ಮೇಲೆ ಹಿಂದೆ ಸರಿದ. ಮಧುಸೂದನ ಮಿಸ್ತ್ರಿ ಎಂಬ ದೊಡ್ಡವರು ಬಂದು ನಿಂತರು. ಪರೀಕ್ಷೆ ಬರೆದವನೊಬ್ಬ, ಸರ್ಟಿಫಿಕೇಟು ಇನ್ನೊಬ್ಬನಿಗೆ.

ನಮ್ಮ ಪತ್ರಿಕೆಗಳಲ್ಲಿ ಅಡ್ಡಮತದಾನ ಎಂಬ ಮಾತನ್ನು ಶಾಸಕರ ಬಗ್ಗೆ ಬಳಸುತ್ತಾರೆ. 2016ರ ರಾಜ್ಯಸಭಾ ಚುನಾವಣೆಯಲ್ಲಿ ಜನತಾದಳದ ಎಂಟು ಶಾಸಕರು ಕಾಂಗ್ರೆಸ್ಸಿನ ಉಮೇದುವಾರನಿಗೆ ಓಟು ಹಾಕಿದರು. 2024ರಲ್ಲಿ ಬಿ.ಜೆ.ಪಿ.ಯ ಶಾಸಕರೊಬ್ಬರು ಕಾಂಗ್ರೆಸ್ಸಿಗೆ ಹಾಕಿದರು. ಇವರಿಗೂ ಬೇಲಿ ದಾಟುವ ಮತದಾರನಿಗೂ ಒಂದೇ ಹೆಸರಿಟ್ಟು ಒಂದೇ ದೊಡ್ಡಿಗೆ ಕೂಡುವುದು ಅನ್ಯಾಯ. ಶಾಸಕನ ಕೈಯಲ್ಲಿರುವುದು ಅವನ ಓಟಲ್ಲ, ನಮ್ಮದು. ನಾವು ಒಂದು ಚಿಹ್ನೆ ನೋಡಿ ಕೊಟ್ಟದ್ದನ್ನು ಅವನು ಇನ್ನೊಂದು ಕಡೆ ಹಾಕುತ್ತಾನೆ. ಮತದಾರನ ಓಟು ಅವನ ಸ್ವಂತದ್ದು. ಯಾರ ಬಳಿಯೂ ಸಾಲ ತಂದದ್ದಲ್ಲ.

ಆ ಸ್ವಂತ ಓಟನ್ನು ಹೇಗೆ ತೂಗಿ ಹಾಕಬೇಕೆಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. ಮೂರು ತಿಂಗಳು ತುಂಬುವಷ್ಟರಲ್ಲಿ, 1985ರ ಮಾರ್ಚಿನಲ್ಲಿ, ಅದೇ ಮತದಾರರು ವಿಧಾನಸಭೆಯ 224ರಲ್ಲಿ 139 ಸ್ಥಾನವನ್ನು ಜನತಾ ಪಕ್ಷಕ್ಕೆ ಕೊಟ್ಟರು. ಹೆಗಡೆಯವರು ಆಗ ಗೆದ್ದದ್ದು ಇದೇ ಬಸವನಗುಡಿಯಿಂದ. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿಗೆ 135 ಕೊಟ್ಟವರೇ 2024ರ ಲೋಕಸಭೆಯಲ್ಲಿ ಅದಕ್ಕೆ 9 ಕೊಟ್ಟು ಬಿ.ಜೆ.ಪಿ.ಗೆ 17, ದಳಕ್ಕೆ 2 ಕೊಟ್ಟರು. ದಾಟಬೇಕಾದ ಕಡೆ ದಾಟುವುದು, ನಿಲ್ಲಬೇಕಾದ ಕಡೆ ನಿಲ್ಲುವುದು ಇವರಿಗೆ ಗೊತ್ತು. ಇಂಥವರನ್ನು ನಾವು, ನಮ್ಮ ಪುಟ್ಟ ಪಕ್ಷದ ಕಾರ್ಯಕರ್ತರು, ನಿಮಗೆ ನಮ್ಮ ಉಮೇದುವಾರನನ್ನು ಆರಿಸುವ ಬುದ್ಧಿ ಸಾಲದು ಎನ್ನುವುದೋ?

ಇನ್ನು ನನ್ನ ವಾದಕ್ಕೆ ತೊಡಕಾಗುವ ಒಂದು ಸಂಗತಿ ಇದೆ. ಇಂಗ್ಲೆಂಡಿನ ಲೇಬರ್ ಪಕ್ಷ, ಹೆಸರೇ ಹೇಳುವಂತೆ ಕಾರ್ಮಿಕರ ಪಕ್ಷ, 2015ರಲ್ಲಿ ತನ್ನ ಮುಖಂಡನ ಆಯ್ಕೆಗೆ ಬಾಗಿಲು ತೆರೆಯಿತು. ಮೂರು ಪೌಂಡು ಕೊಟ್ಟು ಬೆಂಬಲಿಗನೆಂದು ಹೆಸರು ಬರೆಸಿದರೆ ಓಟು. ಎದುರು ಪಕ್ಷದ ಪತ್ರಿಕೆಯೊಂದು, ಮೂರು ಪೌಂಡು ಕೊಟ್ಟು ಸೇರಿ ಜೆರೆಮಿ ಕಾರ್ಬಿನ್ನನನ್ನು ಆರಿಸಿ, ಆ ಪಕ್ಷ ಹಾಳಾಗಿ ಹೋಗುತ್ತದೆ ಎಂದು ತನ್ನ ಓದುಗರಿಗೆ ಬಹಿರಂಗವಾಗಿಯೇ ಬರೆಯಿತು. ಅನುಮಾನ ಬಂದ ಸಾವಿರಾರು ಹೆಸರುಗಳನ್ನು ಪಕ್ಷದವರು ತೆಗೆದುಹಾಕಿದರು. ಕಾರ್ಬಿನ್ ನೂರಕ್ಕೆ ಸುಮಾರು ಅರವತ್ತು ಮತ ಪಡೆದು ಗೆದ್ದ. ಮೂರು ಪೌಂಡಿನ ಬೆಂಬಲಿಗರಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿ, ಪೂರ್ಣ ಸದಸ್ಯರಲ್ಲಿ ನೂರಕ್ಕೆ ಐವತ್ತಕ್ಕೆ ಕೂದಲೆಳೆ ಕಡಿಮೆ. ಲೆಕ್ಕ ನೋಡಿ: ಬೆಂಬಲಿಗರನ್ನು ಪೂರ್ತಿ ಬಿಟ್ಟರೂ ಆತನೇ ಎಲ್ಲರಿಗಿಂತ ಮುಂದೆ. ಕೆಡಿಸಲು ಬಂದವರು ಗೆಲ್ಲಿಸಿದರೆಂಬ ಮಾತು ನಿಲ್ಲುವುದಿಲ್ಲ. ಆದರೂ ಒಳಗೆ ಜಗಳ ತಪ್ಪಲಿಲ್ಲ. ಮರುವರ್ಷ ಮೂರು ಪೌಂಡನ್ನು ಇಪ್ಪತ್ತೈದಕ್ಕೆ ಏರಿಸಿ, ಹೆಸರು ಬರೆಸಲು ಎರಡೇ ದಿನ ಕೊಟ್ಟರು. ಇಪ್ಪತ್ತೈದು ಪೌಂಡು ಯಾರ ಜೇಬಿನಲ್ಲಿರುತ್ತದೆ ಎಂದು ಕಾರ್ಮಿಕರ ಪಕ್ಷಕ್ಕೆ ಹೊಳೆಯದೇ ಹೋಯಿತು. ಆ ಮುಖಂಡನ ಕೆಳಗೆ ಪಕ್ಷದ ಮತ 2017ರಲ್ಲಿ ನೂರಕ್ಕೆ ನಲವತ್ತಕ್ಕೆ ಏರಿತು, 2019ರಲ್ಲಿ ಹೀನಾಯವಾಗಿ ಸೋತಿತು. ಬಾಗಿಲು ತೆರೆದರೆ ಗೆಲುವು ಖಂಡಿತ ಎಂದು ನಾನು ಭಾಷೆ ಕೊಡಲಾರೆ.

ನಮ್ಮಲ್ಲಿ ಅಪಾಯ ಬರುವುದು ಬೇರೆ ದಾರಿಯಿಂದ. ನಾನು ಮೇಷ್ಟ್ರಾಗಿದ್ದ ಒಂದು ಶಾಲೆಯಲ್ಲಿ ಹಾಜರಿ ಪುಸ್ತಕಕ್ಕೂ ಬೆಂಚಿನ ಮೇಲೆ ಕೂತಿರುವ ಮಕ್ಕಳಿಗೂ ತಾಳೆಯೇ ಇರುತ್ತಿರಲಿಲ್ಲ. ಊರು ಬಿಟ್ಟು ಹೋದ ಮಕ್ಕಳೂ ಪುಸ್ತಕದಲ್ಲಿ ದಿನವೂ ಹಾಜರು. ಆಡಳಿತದವರಿಗೆ ಸಂಖ್ಯೆ ಬೇಕಿತ್ತು. ಎರಡು ವರ್ಷ ನಾನೇ ಆ ಹೆಸರುಗಳ ಮುಂದೆ ಹಾಜರಿ ಗುರುತು ಹಾಕಿದೆ, ಮೂರನೆಯ ವರ್ಷ ಕೈ ಏಳಲಿಲ್ಲ, ಕೆಲಸ ಬಿಟ್ಟೆ. ರಾಜಕೀಯಕ್ಕೆ ಬಂದ ಮೇಲೆ ನೋಡುತ್ತೇನೆ, ಸದಸ್ಯತ್ವದ ಪುಸ್ತಕವೂ ಅದೇ ಜಾತಿಯದು. ಒಬ್ಬನೇ ಐನೂರು ಹೆಸರಿನ ಚಂದಾ ಕಟ್ಟುತ್ತಾನೆ. ಐನೂರು ಜನರ ಕೈಬರಹವೂ ಒಂದೇ. ನಮ್ಮ ಪಕ್ಷದಲ್ಲಿ ಇಲ್ಲವೇ ಎಂದು ಯಾರೂ ನನ್ನ ಮುಖ ನೋಡಬೇಡಿ. ಹೋದ ತಿಂಗಳು ಈ ವಾರ್ಡಿನ ಪಟ್ಟಿ ಹಿಡಿದು ನಾನೂ ಇನ್ನಿಬ್ಬರೂ ಮನೆಮನೆಗೆ ಹೋದೆವು. ಎರಡು ಬೀದಿ ಮುಗಿಸುವಷ್ಟರಲ್ಲಿ, ನಾನು ಯಾವ ಪಕ್ಷಕ್ಕೂ ಸೇರಿಲ್ಲವಲ್ಲಪ್ಪಾ ಎಂದ ಸದಸ್ಯರು ಹನ್ನೊಂದು ಜನ ಸಿಕ್ಕಿದರು. ಒಬ್ಬ ತಾಯಿ ಮಗನ ಹೆಸರು ಕೇಳಿ ಅತ್ತುಬಿಟ್ಟರು. ಅವನು ತೀರಿಕೊಂಡು ಒಂದೂವರೆ ವರ್ಷ.

ಹಿರಿಯರೇ, ನೀವು ಆಟೋದಲ್ಲಿ ಬರುವ ನಲವತ್ತು ಜನಕ್ಕೆ ಹೆದರುತ್ತೀರಿ. ಅವರು ಕಾಲಿಟ್ಟು ಬರುತ್ತಾರೆ, ಮುಖ ಕಾಣುತ್ತದೆ, ಬೀದಿಯವರು ಗುರುತು ಹಿಡಿಯುತ್ತಾರೆ. ಪುಸ್ತಕದಲ್ಲಿ ಬರುವವರಿಗೆ ಮುಖವೇ ಇಲ್ಲ. ಸದಸ್ಯರಿಗೆ ಮಾತ್ರ ಎಂದು ಬಾಗಿಲು ಮುಚ್ಚಿದರೆ ಒಳಗೆ ಉಳಿಯುವವರು ಇವರೇ. ಪುಸ್ತಕ ಯಾರ ಮನೆಯ ಬೀರುವಿನಲ್ಲಿದೆಯೋ ಟಿಕೆಟ್ಟು ಅವರದು.

ಗಿರಣಿಯಲ್ಲಿ ದುಡಿದವರು ಇಲ್ಲಿ ನಾಲ್ಕೈದು ಜನ ಇದ್ದೀರಿ. ಮಾಲೀಕರ ಕಡೆಯವರು ಸಂಘದ ಚಂದಾ ಕಟ್ಟಿ ಸದಸ್ಯರಾಗಿ, ಸಂಘದ ಚುನಾವಣೆಯಲ್ಲಿ ಮೆತ್ತಗಿನವನನ್ನು ಗೆಲ್ಲಿಸಲು ನೋಡುತ್ತಿದ್ದ ಕಥೆಗಳನ್ನು ನನಗೆ ಹೇಳಿದವರು ನೀವೇ. ಆಗ ನೀವೇನು ಮಾಡಿದಿರಿ? ಸಂಘದ ಚುನಾವಣೆಯನ್ನೇ ನಿಲ್ಲಿಸಿದಿರಾ? ಇಲ್ಲ, ಗೇಟಿನ ಮುಂದೆ ಎಲ್ಲರೆದುರು ಪಟ್ಟಿ ಓದಿಸಿದಿರಿ. ಹೆಸರು ಕೂಗಿದಾಗ ಇವನು ಯಾರ ಮನುಷ್ಯ ಎಂಬುದು ಆ ಗುಂಪಿಗೆ ಗೊತ್ತಿರುತ್ತಿತ್ತು. ನಾನು ಈಗ ಹೇಳುವುದು ಅದಕ್ಕಿಂತ ಹೊಸತೇನೂ ಅಲ್ಲ.

ನನ್ನ ಸೂಚನೆ ಇದು. ಪಕ್ಷದ ಸದಸ್ಯರಾಗಲಿ ಆಗದಿರಲಿ, ಈ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ತಾವೇ ಬಂದು, ತಮ್ಮ ಕೈಯಾರೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ, ಹತ್ತು ರೂಪಾಯಿ ಕೊಟ್ಟು ಬೆಂಬಲಿಗರೆಂದು ಬರೆಸಿಕೊಳ್ಳಲಿ. ಒಬ್ಬರ ಹಣವನ್ನು ಇನ್ನೊಬ್ಬರು ಕಟ್ಟುವಂತಿಲ್ಲ. ಹತ್ತು ರೂಪಾಯಿ ಇಲ್ಲದವರು ಇಲ್ಲವೆಂದು ಹೇಳಿದರೆ ಸಾಕು. ಈ ಸಲ ಬೇರೆ ಪಕ್ಷದ ಆಯ್ಕೆಯಲ್ಲಿ ಕೈಹಾಕಿಲ್ಲ, ಹಾಕುವುದಿಲ್ಲ ಎಂದು ಒಂದು ಸಾಲು ಬರೆದುಕೊಡಲಿ. ಮಿಸಿಸಿಪ್ಪಿಯ ಕಟ್ಟು ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಪಟ್ಟಿಯನ್ನು ಹದಿನೈದು ದಿನ ಕಾಫಿ ಹೋಟೆಲಿನ ಪಕ್ಕದ ನಮ್ಮ ಕಚೇರಿಯ ಗೋಡೆಗೆ ಅಂಟಿಸೋಣ. ತಕರಾರು ಇದ್ದವರು ಎಲ್ಲರೆದುರು ಹೇಳಲಿ. ಆಮೇಲೆ ಗುಟ್ಟಿನ ಚೀಟಿ, ಪೆಟ್ಟಿಗೆ. ಪಟ್ಟಿ ಬಹಿರಂಗ, ಓಟು ಗುಟ್ಟು.

ಎದುರು ಪಕ್ಷಕ್ಕೆ ಓಟು ಹಾಕುವವನೊಬ್ಬ ಹೀಗೆ ಬರೆಸಿಕೊಂಡು ಬಂದರೆ? ಬರಲಿ ಎನ್ನುತ್ತೇನೆ. ಪಾಲಿಕೆಯ ಚುನಾವಣೆಯಲ್ಲಿ ಅವನು ನಮಗೆ ಹಾಕದೆ ಹೋಗಬಹುದು. ಆದರೆ ನಮ್ಮ ಇಬ್ಬರು ಮೂವರು ಉಮೇದುವಾರರ ಮಾತನ್ನು ಅವನು ಅರ್ಧ ಗಂಟೆ ಕೂತು ಕೇಳಿರುತ್ತಾನೆ. ಅವನನ್ನು ಅಷ್ಟು ಹೊತ್ತು ಕೂರಿಸಲು ನಾವು ಬೇರೆ ದಿನಗಳಲ್ಲಿ ಎಷ್ಟು ಕರಪತ್ರ ಹಂಚುತ್ತೇವೆ, ಲೆಕ್ಕ ಹಾಕಿ.

ಬೆಂಗಳೂರಿನ ಹಿಂದಿನ ಮಹಾನಗರಪಾಲಿಕೆಯ ಕೌನ್ಸಿಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅದಾದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ಮಾಡಲಿಲ್ಲ, ಅಧಿಕಾರಿಗಳೇ ಆಳಿದರು. 2025ರಲ್ಲಿ ಊರನ್ನು ಐದು ಪಾಲಿಕೆಯಾಗಿ ಒಡೆದರು. ಮೋರಿ ಕಟ್ಟಿದರೆ ಯಾರಿಗೆ ಹೇಳಬೇಕೆಂದು ತಿಳಿಯದೆ ವರ್ಷಗಟ್ಟಲೆ ಕಳೆದ ಜನ ಇವರು. ಇವರ ಮುಂದೆ ಹೋಗಿ, ಉಮೇದುವಾರನನ್ನು ನಾವು ಒಳಗೆ ಕೂತು ಆರಿಸಿಯಾಗಿದೆ, ನೀವು ಗುಂಡಿ ಒತ್ತಿದರೆ ಸಾಕು ಎಂದು ಹೇಳುವ ಬಾಯಿ ನನಗಿಲ್ಲ.

ಹಿರಿಯರು ಈಗಲೂ ತಲೆ ಅಲ್ಲಾಡಿಸುತ್ತಿದ್ದಾರೆ. ಅವರು ಹೇಳಿದ ಹಾಗೆಯೇ ಆಗಿ, ಕೈಲಾಗದವನೊಬ್ಬ ಗೆದ್ದು ಬಂದರೆ, ಅವನನ್ನು ಹೊತ್ತು ಮನೆಮನೆ ತಿರುಗುವವರಲ್ಲಿ ಮೊದಲನೆಯವನು ನಾನು. ಇದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಪೆಟ್ಟಿಗೆಯನ್ನು ಭಾನುವಾರ ಇಡೋಣ. ಗಾರ್ಮೆಂಟ್ಸಿನ ಹೆಂಗಸರಿಗೆ ಬೇರೆ ದಿನ ಆಗುವುದಿಲ್ಲ. ಅಂಗಡಿಯವರಿಗೆ ಭಾನುವಾರ ಸಂಜೆ ವ್ಯಾಪಾರದ ಹೊತ್ತು, ಆದ್ದರಿಂದ ಬೆಳಿಗ್ಗೆ ಏಳಕ್ಕೇ ಶುರುಮಾಡಿ ರಾತ್ರಿ ಒಂಬತ್ತರವರೆಗೆ ತೆರೆದಿಡಬೇಕು. ಎರಡು ಬೀಗ, ಒಂದು ಕೀಲಿ ನನ್ನ ಕಡೆಯವರ ಬಳಿ, ಇನ್ನೊಂದು ಕೀಲಿ, ಅವರು ಒಪ್ಪಿದರೆ, ಈ ಹಿರಿಯರ ಬಳಿ. ಈಗ ಸಭೆ ಕೈ ಎತ್ತಿ ಹೇಳಲಿ.